ಇಮ್ಯೂನಿಟಿ ಕ್ಯಾಪ್ಟನ್

"ಮೂಗು ಮುಚ್ಕೊಂಡು ಕುಡ್ದುಬಿಡು!" ಅಮ್ಮ ಲೋಟ ಮುಂದೆ ಹಿಡಿದಳು.

ಮುಚ್ಚುವ ಅಗತ್ಯವೇ ಇರಲಿಲ್ಲ. ಬೃಂದಾಳ ಮೂಗು ಬೆಳಗಿನಿಂದ ತಾನಾಗಿಯೇ ಮುಚ್ಚಿಕೊಂಡಿತ್ತು.

ಮಳೆ ಶುರುವಾದಾಗಿನಿಂದ ಜೀವನ್ ಬಿಮಾ ನಗರದ ಆ ಮನೆಯಲ್ಲಿ ದಿನವೂ ಕಷಾಯ. ಶುಂಠಿ, ಮೆಣಸು, ಅರಿಶಿನ, ತುಳಸಿ. ಅದರ ಮೇಲೆ ಅಮ್ಮನ ವಾಟ್ಸಾಪ್ ಗ್ರೂಪ್ ಹೇಳಿದ್ದೆಲ್ಲ. ನಿನ್ನೆ ಅಮೃತಬಳ್ಳಿ, ಇವತ್ತು ಬೆಳ್ಳುಳ್ಳಿ. ಅಡುಗೆಮನೆಯಲ್ಲಿ ಇನ್ನೂ ಲೋಟಕ್ಕೆ ಬೀಳದೆ ಉಳಿದಿದ್ದು ಸೌಟು ಮಾತ್ರ.

ಬೃಂದಾ ಗಟಗಟ ಕುಡಿದಳು. ಗಂಟಲು ಉರಿಯಿತು. ಮೈ ಬಿಸಿ ಬಿಸಿ.

"ಏನಾದ್ರೂ ಆಗ್ತಿದ್ಯಾ?"

"ಏನೂ ಇಲ್ಲಮ್ಮ!"

ಇವತ್ತು ಏನಾದರೂ ಆಗುವಂತೆಯೇ ಇರಲಿಲ್ಲ. ಶಾಲೆಯಲ್ಲಿ 'ಇಮ್ಯೂನಿಟಿ ವೀಕ್'. ಐದನೇ ಕ್ಲಾಸಿನ ಬೃಂದಾ ಜೂನ್‌ನಿಂದ ಒಂದು ದಿನವೂ ರಜೆ ಹಾಕಿಲ್ಲವೆಂದು ಹೆಡ್‌ಮಿಸ್ ಅವಳನ್ನೇ ಇಮ್ಯೂನಿಟಿ ಕ್ಯಾಪ್ಟನ್ ಮಾಡಿದ್ದರು. ಜ್ವರ ಬಂದಿರುವ ಕ್ಯಾಪ್ಟನ್ ಅಂದರೆ ಏನು ಚೆಂದ?

ಅಸೆಂಬ್ಲಿಯಲ್ಲಿ ಅವಳು ಮೈಕ್ ಹಿಡಿದಳು.

"ದಿನಾ ನೆಲ್ಲಿಕಾಯಿ ತಿನ್ನಿ. ಸೊಪ್ಪು, ತರಕಾರಿ ತಿನ್ನಿ. ಒಂಬತ್ತು ಗಂಟೆ ನಿದ್ದೆ ಮಾಡಿ." ಇದನ್ನು ಬಾಯಿಪಾಠ ಮಾಡಲು ಅವಳು ಆರು ಗಂಟೆ ಮಾತ್ರ ಮಲಗಿದ್ದಳು. "ಆಗ ನೆಗಡಿ ನಮ್ಮ ಹತ್ತಿರ ಸುಳಿಯೋದೇ... ಆ... ಆ... ಆಕ್ಷೀ!"

ಮೈಕ್ ಆ ಸೀನನ್ನು ಕೊನೇ ಸಾಲಿನವರೆಗೂ ಚೆನ್ನಾಗಿಯೇ ತಲುಪಿಸಿತು. ಮಕ್ಕಳು ನಕ್ಕರು. ಭಾಷಣದ ಭಾಗವೇ ಇರಬೇಕೆಂದು ಹೆಡ್‌ಮಿಸ್ ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ಕ್ಯಾಪ್ಟನ್ ಕೈಯಿಂದಲೇ ಇಡೀ ಕ್ಲಾಸಿಗೆ ಹಸಿರು ಬ್ಯಾಡ್ಜ್ ಹಂಚಿಕೆ. ಒಂದು ಬ್ಯಾಡ್ಜ್, ಒಮ್ಮೆ ಮೂಗು ಒರೆಸಿಕೊಳ್ಳುವುದು. ಇನ್ನೊಂದು ಬ್ಯಾಡ್ಜ್, ಇನ್ನೊಮ್ಮೆ. ಪಕ್ಕದ ಸೀಟಿನ ಸುಗತನ ಶರ್ಟಿಗೆ ಪಿನ್ ಚುಚ್ಚುವಾಗ ಅವಳ ಬೆರಳು ಅವನ ಕೊರಳಿಗೆ ತಾಕಿತು. ಸುಗತ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಬ್ಯಾಡ್ಜ್ ನೇರ ಮಾಡಿಕೊಂಡ.

ಸಂಜೆ ಥರ್ಮಾಮೀಟರ್ ನೂರ ಎರಡು ತೋರಿಸಿತು. ಕ್ಲಿನಿಕ್ಕಿನಲ್ಲಿ ಡಾಕ್ಟರ್ ಧನಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡರು.

"ಇದು ಫ್ಲೂ. ಇಷ್ಟು ಜ್ವರ ಇಟ್ಕೊಂಡು ಭಾಷಣ ಮಾಡಿದ್ಯಾ? ವೈರಸ್‌ಗೂ ಮೈಕ್ ಕೊಟ್ಟೆ ಅನ್ನು!"

"ಡಾಕ್ಟ್ರೇ, ದಿನಾ ಕಷಾಯ ಕೊಡ್ತಿದ್ನಲ್ಲಾ?" ಅಮ್ಮನ ಮುಖ ಸಣ್ಣದಾಯಿತು.

"ಕೊಡಿ ಪರವಾಗಿಲ್ಲ. ಕಷಾಯ ಕುಡಿದೋರಿಗೆಲ್ಲಾ ಫ್ಲೂ ಬರಲ್ಲ ಅಂತೇನಿಲ್ಲ ಕಣ್ರೀ. ಈಗ ಮಲಗ್ಲಿ. ಸ್ಕೂಲಿಗೆ ಕಳಿಸ್ಬೇಡಿ."

ಐದು ದಿನ ಬೃಂದಾ ಗಂಜಿ ಕುಡಿದಳು, ನಿದ್ದೆ ಮಾಡಿದಳು.

ಗುರುವಾರ ಶಾಲೆಗೆ ಹೋದರೆ ಅರ್ಧ ಕ್ಲಾಸ್ ಖಾಲಿ. ಬಂದವರಲ್ಲೂ ಕೆಲವರು ಹಸಿರು ಬ್ಯಾಡ್ಜ್ ಹಾಕಿಕೊಂಡೇ ಕೆಮ್ಮುತ್ತಿದ್ದರು. ಪಕ್ಕದ ಸೀಟಿನಲ್ಲಿ ಸುಗತ ಇರಲಿಲ್ಲ.

"ಸುಗತಂಗೆ ಭಾನುವಾರದಿಂದ ಜ್ವರ," ಎಂದಳು ಹಿಂದಿನ ಬೆಂಚಿನ ಅಂಜಲಿ. "ಮಂಗಳವಾರ ಕೆ.ಆರ್. ಪುರದಲ್ಲಿ ಖೋ ಖೋ ಮ್ಯಾಚ್ ಇತ್ತಲ್ಲ, ಅವನಿಲ್ದೆ ನಮ್ಮ ಟೀಮ್ ಔಟ್ ಮಗಾ."

ಎರಡು ತಿಂಗಳಿಂದ ಸುಗತ ಹಲಸೂರಿನಿಂದ ಬೆಳಿಗ್ಗೆ ಆರಕ್ಕೇ ಬಂದು ಪ್ರಾಕ್ಟೀಸ್ ಮಾಡುತ್ತಿದ್ದ. ಮಳೆ ಬಂದರೂ ಬರುತ್ತಿದ್ದ.

ಸಂಜೆ ಬೃಂದಾ ಅಮ್ಮನ ಫೋನಿನಿಂದ ಅವನಿಗೆ ಕಾಲ್ ಮಾಡಿದಳು.

"ಸುಗತಾ, ಅವತ್ತು ಬೆಳಿಗ್ಗೆನೇ ನಂಗೆ ಜ್ವರ ಇತ್ತು ಕಣೋ. ನಾನು ಯಾರಿಗೂ ಹೇಳ್ಲಿಲ್ಲ."

ಆ ಕಡೆಯಿಂದ ಕೆಮ್ಮು ಕೇಳಿಸಿತು. ಆಮೇಲೆ, "ಗೊತ್ತು. ಪಿನ್ ಹಾಕುವಾಗ ನಿನ್ನ ಕೈ ಸುಡ್ತಿತ್ತು."

"ಮತ್ತೆ ಮಿಸ್‌ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕ್ಯಾಪ್ಟನ್‌ಶಿಪ್ ಹೋಗ್ತಿತ್ತಲ್ವಾ?"

ಬೃಂದಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಸಾರಿ ಕಣೋ," ಎಂದಳು ಕೊನೆಗೆ.

"ಹ್ಞೂಂ. ನಿದ್ದೆ ಬರ್ತಿದೆ ಕಣೇ, ಇಡ್ಲಾ?"

ಫೋನ್ ವಾಪಸ್ ಕೊಡಲು ಅವಳು ಅಡುಗೆಮನೆಗೆ ಹೋದಳು.

"ಏನಂದ? ಬಯ್ದ್ನಾ?" ಅಮ್ಮ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ಒಂದು ಮಾತೂ ಬಯ್ಲಿಲ್ಲ."

ಬಯ್ದಿದ್ದರೇ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ಬೃಂದಾಗೆ ಮೊದಲ ಸಲ ಅನ್ನಿಸಿತು.