ಇನ್ನೊಮ್ಮೆ ಊದ್ತೀನಿ ಮೇಡಂ

ಬೀಪ್... ಬೀಪ್... ಬೀಪ್!

ಕೆಂಪು ದೀಪ!

ಯಂತ್ರ ಹಿಡಿದಿದ್ದ ಅವಳ ಎದೆ ಧಸಕ್ಕೆಂದಿತು. ಊದಿದವನು ಮಾತ್ರ ಇನ್ನೂ ನಗುತ್ತಲೇ ನಿಂತಿದ್ದ.

"ಏನ್ ಮೇಡಂ, ನಿಮ್ಮ ಯಂತ್ರಕ್ಕೆ ಇವತ್ತು ಹುಷಾರಿಲ್ವಾ?"

ಬಸ್ ಡಿಪೋದ ಗೇಟಿನ ಪಕ್ಕದ ಪುಟ್ಟ ಕೋಣೆ ಅದು. ಬೆಳಗಿನ ಪಾಳಿಯ ಪ್ರತಿಯೊಬ್ಬ ಡ್ರೈವರೂ ಕೀಲಿ ಪಡೆಯುವ ಮೊದಲು ಆ ಕಿಟಕಿಯ ಮುಂದೆ ನಿಂತು, ಅವಳ ಕೈಯಲ್ಲಿರುವ ಯಂತ್ರಕ್ಕೆ ಉಸಿರು ಊದಬೇಕು. ಕುಡಿದಿಲ್ಲವಾದರೆ ಹಸಿರು, ಬಸ್ಸಿನ ಕೀಲಿ. ಕುಡಿದಿದ್ದರೆ ಕೆಂಪು, ಮನೆಯ ದಾರಿ. ಊದಿಸುವುದೇ ಅವಳ ಕೆಲಸವಾದ್ದರಿಂದ ಡಿಪೋದವರು ಬಲೂನ್ ಮೇಡಂ ಎಂದು ಹೆಸರಿಟ್ಟಿದ್ದರು.

ಎದುರಿಗೆ ನಿಂತವನಿಗೆ ಅವರು ಇಟ್ಟ ಹೆಸರು ಸಾವಧಾನ. ರಸ್ತೆಗೆ ಕೋಳಿ ಅಡ್ಡ ಬಂದರೂ ಬಸ್ ನಿಲ್ಲಿಸಿ, ಅದು ಮೆರವಣಿಗೆ ಮುಗಿಸಿದ ಮೇಲೆಯೇ ಹೊರಡುವ ಆಸಾಮಿ! ಒಂದು ಕಾಲದಲ್ಲಿ ಇವನು ಗಂಟಲುಮಟ್ಟ ಕುಡಿಯುತ್ತಿದ್ದ. ಅಕ್ಕನ ಕಾವಲಿನಲ್ಲಿ ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ದಿನವೂ ಅವನು ಸಾಲಿನ ಕೊನೆಗೆ ನಿಲ್ಲುತ್ತಿದ್ದ. ಹಿಂದೆ ಯಾರೂ ಇಲ್ಲದಿದ್ದರೆ ಅವಳ ಜೊತೆ ನಾಲ್ಕು ಮಾತು ಹೆಚ್ಚಿಗೆ ಆಡಬಹುದಲ್ಲ, ಅದಕ್ಕೆ. ಅವಳಿಗೂ ಅದು ಗೊತ್ತಿತ್ತು. ಆ ನಾಲ್ಕು ಮಾತಿಗಾಗಿಯೇ ಅವಳು ತಲೆ ಬಾಚಿಕೊಂಡು ಬರುತ್ತಿದ್ದಳು.

ಇವತ್ತು ಮಾತ್ರ ಅವನು ಎಲ್ಲರಿಗಿಂತ ಮೊದಲು ಬಂದಿದ್ದ. "ಒಂದು ಮಾತು ಹೇಳೋದಿತ್ತು. ಮೊದಲು ಊದಿಬಿಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದ.

ಊದಿದ. ಕೆಂಪು ಬಂತು.

"ಮೇಡಂ, ನಾನು ಕುಡಿದಿಲ್ಲ. ನಿಮಗೇ ಗೊತ್ತಲ್ಲ..." ನಗು ಮೆಲ್ಲಗೆ ಇಳಿಯಿತು. "ಇನ್ನೊಮ್ಮೆ ಊದ್ತೀನಿ ಮೇಡಂ."

ಅಷ್ಟರಲ್ಲಿ ಬೀಪ್ ಸದ್ದು ಕೇಳಿ ಮ್ಯಾನೇಜರ್ ಬಂದರು. ಹಿಂದೆಯೇ ನಾಲ್ಕಾರು ಡ್ರೈವರುಗಳು ಬಂದು ಗುಂಪಾದರು.

"ಏನಯ್ಯಾ, ಮತ್ತೆ ಶುರು ಹಚ್ಕೊಂಡ್ಯಾ?"

"ಇಲ್ಲ ಸಾರ್! ಮೇಡಂ, ದಯವಿಟ್ಟು... ಇನ್ನೊಂದೇ ಒಂದು ಸಲ."

ಕೆಂಪು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ ಊದಿಸಬೇಕು. ನಿಯಮ ಇದ್ದದ್ದೇ ಹಾಗೆ, ಯಂತ್ರದ ಪುಸ್ತಕ ತೆರೆದೂ ನೋಡದ ಮ್ಯಾನೇಜರಿಗೆ ಗೊತ್ತಿರದಿದ್ದರೂ ಅದು ಅವಳಿಗೆ ಬಾಯಿಪಾಠ. ಆದರೆ ಎರಡನೇ ಸಲ ಹಸಿರು ಬಂದರೆ? ಮೊದಲ ಸಲ ಕೆಂಪು ಯಾಕೆ ಬಂತು ಎಂದು ಕೇಳುತ್ತಾರೆ. ಯಂತ್ರದ ನೆನಪಿನಲ್ಲಿ ಅವನಿಗಿಂತ ಮೊದಲು ಊದಿದವರು ಯಾರು ಎಂದು ನೋಡುತ್ತಾರೆ. ಆಗ...

"ಒಂದೇ ಸಲ" ಎಂದಳು ಅವಳು, ಅವನ ಮುಖ ನೋಡದೆ. "ನಿಯಮ."

ಯಾಕೆಂದರೆ ಅವನಿಗಿಂತ ಮೊದಲು ಊದಿದವಳು ಅವಳೇ!

ಹೌದು. ಕುಡಿದವರನ್ನು ಹಿಡಿಯುವ ಬಲೂನ್ ಮೇಡಂ ಸ್ವತಃ ಕುಡಿಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಖಾಲಿ ಮನೆಯಲ್ಲಿ ನಿದ್ದೆ ಬರಲಿ ಎಂದು ಶುರುವಾದದ್ದು, ಈಗ ಹಿಂದಿನ ದಿನದ ಅಮಲು ಬೆಳಗಿನ ಡ್ಯೂಟಿಗೂ ಬಾಲ ಹಿಡಿದು ಬರುತ್ತಿತ್ತು. ಬಾಯಿ ವಾಸನೆ ಬರುತ್ತಿದೆಯೇನೋ ಎಂಬ ಹೆದರಿಕೆಗೆ, ಯಾರೂ ಬರುವ ಮೊದಲು ತಾನೇ ಒಮ್ಮೆ ಊದಿ ನೋಡಿದ್ದಳು. ಕೆಂಪು ಬಂದಿತ್ತು. ಬೆಚ್ಚಿಬಿದ್ದು ಬಾಯಿಗಿಡುವ ನಳಿಕೆ ಬದಲಿಸುವಷ್ಟರಲ್ಲಿ ಅವನ ಹೆಜ್ಜೆ ಸದ್ದು. ಒಳಗೆ ಉಳಿದ ಉಸಿರು ಹೊರಹೋಗಲು ಯಂತ್ರವನ್ನು ಒಂದಷ್ಟು ಹೊತ್ತು ಹಾಗೇ ಬಿಡಬೇಕಿತ್ತು. ಗಾಬರಿಯಲ್ಲಿ ಬಿಡಲಿಲ್ಲ.

ಅವಳ ಉಸಿರಿನ ಕೆಂಪು ಅವನ ಹಣೆಗೆ ಅಂಟಿತು.

ಹೇಳಿ, ಇಂಥವಳನ್ನು ಏನೆನ್ನಬೇಕು? ಬೈಯಿರಿ, ಬೇಡ ಎನ್ನುವುದಿಲ್ಲ. ಆದರೆ ಅವಳು ತನ್ನನ್ನು ತಾನು ಬೈದುಕೊಂಡಷ್ಟು ನಿಮ್ಮ ಕೈಲಾಗದು.

ಹೇಳಲು ಬಂದ ಮಾತನ್ನು ಅವನು ಹೇಳಲೇ ಇಲ್ಲ. ತಲೆ ತಗ್ಗಿಸಿ ಗೇಟು ದಾಟಿ ಹೋದ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

*

"ಬಲೂನ್ ಮೇಡಂ, ವಿಷಯ ಗೊತ್ತಾಯ್ತಾ?" ಕೆಲವು ದಿನ ಕಳೆದ ಮೇಲೆ ಕಂಡಕ್ಟರಮ್ಮ ಕಿಟಕಿಗೆ ಮುಖವಿಟ್ಟು ಪಿಸುಗುಟ್ಟಿದಳು. "ಸಾವಧಾನನ್ನ ಕೆಲಸದಿಂದಲೇ ತೆಗೀತಾರಂತೆ! ವಿಚಾರಣೆಯಲ್ಲಿ ಏನು ಕೇಳಿದ್ರೂ, 'ನನಗೆ ಗೊತ್ತಿಲ್ಲ, ನಾನೇ ಕುಡಿದೆನೇನೋ' ಅಂದನಂತೆ. ಅವನ ಅಕ್ಕನೂ ಮಾತು ಬಿಟ್ಟಿದ್ದಾಳಂತೆ."

'ನಾನೇ ಕುಡಿದೆನೇನೋ'... ಅಯ್ಯೋ! ತನ್ನ ಮೇಲೇ ತನಗೆ ನಂಬಿಕೆ ಹೋಯಿತೇ ಅವನಿಗೆ?

ಆ ದಿನ ಅವಳು ಮನೆಗೆ ಹೋಗಿ, ಹಳೇ ಬೂಟಿನೊಳಗೆ ಅಡಗಿಸಿಟ್ಟಿದ್ದ ಬಾಟಲಿ ತೆಗೆದು ಕುಡಿದಳು. ನಾಚಿಕೆ ಮರೆಯಲು ಕುಡಿದಳು. ಕುಡಿದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಬೆಳಿಗ್ಗೆ ಕನ್ನಡಿ ನೋಡಿದರೆ ಒಂದು ಊದಿಕೊಂಡ ಮುಖ. 'ನೆಲ ಬಾಯಿ ಬಿಟ್ಟು ನುಂಗಬಾರದೇ' ಎಂದುಕೊಂಡಳು. ನೆಲಕ್ಕೆ ಬೇರೆ ಕೆಲಸವಿತ್ತು, ನುಂಗಲಿಲ್ಲ. ರಜೆ ಹಾಕಿ ಆಸ್ಪತ್ರೆಗೆ ಹೋದಳು.

ಕುಡಿತ ಬಿಡಿಸುವ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. ನಡುಗುವ ಕೈ ಹಿಡಿದು ನಾಡಿ ಎಣಿಸಿದರು.

"ಏಕಾಏಕಿ ನಿಲ್ಲಿಸಿದ್ರೆ ಮೈ ತಡೆಯಲ್ಲಮ್ಮ. ಮಾತ್ರೆ ಕೊಡ್ತೀನಿ, ದಿನಾ ಬಂದು ತೋರಿಸ್ಬೇಕು. ಇನ್ನು ನಿನಗೆ ಅಂತ ಒಂದು ಯೋಜನೆ ಮಾಡೋಣ. ಅದನ್ನ ನಿನ್ನ ಬಾಯಿಂದಲೇ ಹೇಳು. ಯಾವಾಗ ಮನಸ್ಸು ಎಳೆಯುತ್ತೆ?"

"ಡ್ಯೂಟಿ ಮುಗಿಸಿ ಮನೆ ಬೀಗ ತೆಗೆದಾಗ. ಒಳಗೆ ಯಾರೂ ಇರಲ್ಲ."

"ಆಗ ಏನು ಮಾಡ್ತೀಯ?"

"ಮನಸ್ಸು ಗಟ್ಟಿ ಮಾಡ್ಕೋತೀನಿ."

"ಮನಸ್ಸಿನ ವಿಷಯ ಬಿಡು, ಅದು ನಿನ್ನ ಮಾತು ಕೇಳೋ ಹಾಗಿದ್ದಿದ್ರೆ ನೀನು ಇಲ್ಲಿಗೆ ಬರ್ತಿರ್ಲಿಲ್ಲ. ಕೈ ಏನು ಮಾಡುತ್ತೆ? ಕಾಲು ಎಲ್ಲಿಗೆ ಹೋಗುತ್ತೆ?"

ಅವಳಿಗೆ ಅಳುವಿನ ನಡುವೆಯೂ ನಗು ಬಂತು. ತಡವರಿಸುತ್ತಾ ಒಂದೊಂದೇ ಹೇಳಿದಳು. ಬ್ರಾಂದಿ ಅಂಗಡಿ ಇರುವ ಬೀದಿ ಬಿಟ್ಟು ಶಾಲೆಯ ಹಿಂದಿನಿಂದ ಸುತ್ತಿಕೊಂಡು ಹೋಗುವುದು. ಬೀಗ ತೆಗೆದವಳೇ ನೇರ ಸ್ನಾನಕ್ಕೆ ಹೋಗುವುದು. ಹೊಟ್ಟೆ ಖಾಲಿ ಬಿಡದಿರುವುದು. ಬಾಟಲಿಗಳನ್ನು ಪಕ್ಕದ ಮನೆಯಾಕೆಯ ಎದುರಿಗೇ ಚೆಲ್ಲುವುದು. 'ಆಕೆಯ ಎದುರಿಗಾ? ಊರಿಗೆಲ್ಲಾ ಡಂಗುರ ಸಾರ್ತಾಳೆ!' ಎಂದು ಮನಸ್ಸು ಕೂಗಿತು. ಆದರೂ ಹೇಳಿದಳು.

"ತಡೆಯಲು ಆಗದೇ ಹೋದಾಗ ಯಾರಿಗೆ ಫೋನ್ ಮಾಡ್ತೀಯ?"

ಅವಳು ಬಾಯಿ ತೆರೆದಳು. ಒಂದು ಹೆಸರೂ ಹೊರಡಲಿಲ್ಲ. ಮನಸ್ಸಿನಲ್ಲಿ ಸುಳಿದದ್ದು ಒಂದೇ ಮುಖ...

"ಇರಲಿ, ಆಮೇಲೆ ಯೋಚಿಸು. ನಿನ್ನ ಕುಡಿತದಿಂದ ಯಾರಿಗಾದ್ರೂ ಏಟು ಬಿದ್ದಿದೆಯಾ?"

"ಇಲ್ಲ. ನಾನೊಬ್ಬಳೇ ಕುಡಿಯೋದು, ನಾನೊಬ್ಬಳೇ..." ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿಬಿಟ್ಟಳು.

ಡಾಕ್ಟರಮ್ಮ ಸಮಾಧಾನವನ್ನೇನೂ ಹೇಳಲಿಲ್ಲ. "ಮೊದಲು ಆ ಕೆಲಸ ಮುಗಿಸು. ಇಲ್ಲಾಂದ್ರೆ ನಮ್ಮ ಈ ಯೋಜನೆ ಸಂಜೆವರೆಗೂ ಬಾಳಲ್ಲ" ಎಂದರು ಅಷ್ಟೇ.

*

ಅವನ ಮನೆಯ ಬಾಗಿಲು ತಟ್ಟುವಾಗ ಕೈ ಮೂರು ಸಲ ಹಿಂದೆ ಬಂತು.

ಬಾಗಿಲು ತೆರೆದವನು ಅವನೇ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು. ಒಳಗೆ ಅಕ್ಕ ಬೆನ್ನು ಹಾಕಿ ಕೂತು ಬಟ್ಟೆ ಮಡಿಸುತ್ತಿದ್ದಳು.

"ಮೇಡಂ? ನೀವು... ಇಲ್ಲಿ?"

"ಆ ಕೆಂಪು ನಿಮ್ಮದಲ್ಲ" ಎಂದಳು ಒಂದೇ ಉಸಿರಿಗೆ. ನಿಧಾನವಾಗಿ ಹೇಳಹೊರಟರೆ ಓಡಿಹೋಗುತ್ತೇನೆಂದು ಅವಳಿಗೆ ಗೊತ್ತಿತ್ತು. "ನಂದು. ನಾನು ಕುಡೀತೀನಿ. ನಿಮಗಿಂತ ಮುಂಚೆ ನಾನು ಊದಿದ್ದೆ. ಯಂತ್ರ ಇನ್ನೂ ತೆರವಾಗಿರಲಿಲ್ಲ. ಇನ್ನೊಮ್ಮೆ ಊದಿಸೋ ನಿಯಮ ಇತ್ತು. ಇಲ್ಲ ಅಂತ ಸುಳ್ಳು ಹೇಳಿದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹಾಗಾದ್ರೆ... ನಾನು ಕುಡಿದಿರ್ಲಿಲ್ಲ?"

"ಇಲ್ಲ."

"ಖಂಡಿತಾ?"

"ಖಂಡಿತಾ."

ಅಷ್ಟು ದೊಡ್ಡ ಗಂಡಸು ಹೊಸ್ತಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಒಳಗೆ ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು. ಅವನ ತಲೆ ಮುಟ್ಟಬೇಕೆಂದು ಹೊರಗೆ ನಿಂತವಳ ಕೈ ಮುಂದೆ ಹೋಯಿತು... 'ಯಾವ ಮುಖ ಇಟ್ಕೊಂಡು ಮುಟ್ತೀಯ?' ಎಂದು ತಾನೇ ಹಿಂದೆಗೆದುಕೊಂಡಳು.

ಅವನು ತಲೆ ಎತ್ತಿದಾಗ ಕಣ್ಣಲ್ಲಿ ಕೆಂಡವಿತ್ತು.

"ನಿಮಗೆ ಗೊತ್ತಾ, ಮನೇಲಿದ್ದ ಕೆಮ್ಮಿನ ಔಷಧಿ ಬಾಟಲಿನೂ ಮೂಸಿ ನೋಡಿದೆ! ನಿದ್ದೆಗಣ್ಣಲ್ಲಿ ಎದ್ದು ಹೋಗಿ ಕುಡಿದು ಬಂದ್ನೇನೋ ಅಂತ ಚಪ್ಪಲಿಗೆ ಮಣ್ಣು ಹತ್ತಿದೆಯಾ ಅಂತ ನೋಡಿದೆ. ನಿನ್ನೆ ಅಂಗಡಿ ಬಾಗಿಲವರೆಗೂ ಹೋಗಿದ್ದೆ ಮೇಡಂ! ಹೇಗೂ ಕುಡುಕ ಅಂತಾರೆ, ಕುಡಿದೇ ಬಿಡೋಣ ಅಂತ. ಅದು ಹೇಗೆ ವಾಪಸ್ ಬಂದೆ ಅಂತ ನನಗೇ ಗೊತ್ತಿಲ್ಲ."

"ನಾಳೆ ಬೆಳಿಗ್ಗೆ ಡಿಪೋದಲ್ಲಿ ಎಲ್ಲರ ಮುಂದೆ ಹೇಳ್ತೀನಿ" ಎಂದಳು ಅವಳು.

"ಹೇಳಿ. ಆಮೇಲೆ ನನ್ನ ಕಣ್ಣಿಗೆ ಬೀಳ್ಬೇಡಿ."

ಬಾಗಿಲು ಮುಚ್ಚಿತು.

ಮಾರನೆಯ ದಿನ ಅವಳು ಹೇಳಿದಳು. ಮ್ಯಾನೇಜರ್ ಕೋಣೆಯಲ್ಲಿ ಗುಟ್ಟಾಗಿ ಅಲ್ಲ, ಅವನಿಗೆ ಅವಮಾನವಾದ ಆ ಕಿಟಕಿಯ ಮುಂದೆಯೇ, ಅದೇ ಡ್ರೈವರುಗಳ ಎದುರಿಗೇ. ಯಂತ್ರದ ನೆನಪನ್ನು ತೆಗೆದು ತೋರಿಸಿದಳು. ಯಾರೋ ಛೀ ಎಂದರು. ಯಾರೋ, "ನಮ್ಮನ್ನ ಊದ್ಸಿ ಊದ್ಸಿ ಇವಳೇ..." ಎಂದು ನಕ್ಕರು. ಕಂಡಕ್ಟರಮ್ಮ ಮುಖ ತಿರುಗಿಸಿಕೊಂಡಳು. ಅವನಿಗೆ ಕೆಲಸ ವಾಪಸ್ ಸಿಕ್ಕಿತು, ಅವಳ ಕೆಲಸ ಹೋಯಿತು.

ಅಂದು ಅವಳು ಶಾಲೆಯ ಹಿಂದಿನ ದಾರಿ ಹಿಡಿದು ಮನೆಗೆ ಬಂದಳು. ಬೀಗ ತೆಗೆದಳು. ಸ್ನಾನ ಮಾಡಿದಳು. ನೀರಿನ ಜೊತೆ ಕಣ್ಣೀರೂ ಹರಿಯಿತು. ಆದರೆ ಕುಡಿಯಲಿಲ್ಲ.

*

ವಾರಗಳು ಉರುಳಿದವು. ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುವ ಕೆಲಸ ಸಿಕ್ಕಿತ್ತು. ಕೈ ನಡುಕ ಕಡಿಮೆಯಾಗಿ ಸೂಜಿಗೆ ದಾರ ಪೋಣಿಸಲು ಬರುತ್ತಿತ್ತು. ನಡುವೆ ಒಂದು ದಿನ ಜಾರಿದ್ದಳು. ಜಾರಿದ್ದನ್ನು ಡಾಕ್ಟರಮ್ಮನಿಗೆ ಹೇಳಿ ಬೈಸಿಕೊಂಡು, ಮತ್ತೆ ಮೊದಲಿಂದ ಶುರು ಮಾಡಿದ್ದಳು. ಯಾರಿಗೆ ಫೋನ್ ಮಾಡಬೇಕೆಂಬ ಜಾಗ ಮಾತ್ರ ಖಾಲಿಯೇ ಉಳಿದಿತ್ತು; ಬಾಟಲಿ ಚೆಲ್ಲಿದ ದಿನ ಪಕ್ಕದ ಮನೆಯಾಕೆಯ ಹತ್ತಿರ ಅದನ್ನೂ ಬಾಯಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಹೊರಬಂದರೆ, ಅಂಗಳದ ಬೆಂಚಿನ ಮೇಲೆ ಅವನು! ಪಕ್ಕದಲ್ಲಿ ಅವನ ಅಕ್ಕ!

ಅವಳ ಕಾಲು ಅಲ್ಲೇ ಕಟ್ಟಿಹಾಕಿದಂತೆ ನಿಂತಿತು. 'ಕಣ್ಣಿಗೆ ಬೀಳ್ಬೇಡಿ ಅಂದಿದ್ರಲ್ಲ...' ಹಿಂದಕ್ಕೆ ತಿರುಗಿದಳು.

"ಏ ಹುಡುಗಿ, ನಿಲ್ಲು!" ಅಕ್ಕನ ಗಂಟಲಿಗೆ ಆಚೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕರೊಬ್ಬರು ಎಚ್ಚರಗೊಂಡರು. "ಬೈಯೋಕೇ ಬಂದಿದ್ದೀನಿ, ಬೈಸ್ಕೊಂಡು ಹೋಗು."

ಅವಳು ಬಂದು ತಲೆ ತಗ್ಗಿಸಿ ನಿಂತಳು. "ಬೈಯಿರಿ ಅಕ್ಕ. ಎಷ್ಟು ಬೈದ್ರೂ ಕಡಿಮೆಯೇ."

ಅಕ್ಕ ಬಾಯಿ ತೆರೆದಳು. ಬೈಗುಳದ ಬದಲು ಬೇರೆಯೇ ಬಂತು.

"ಕೈ ಹಿಡಿದು ಕುಡಿತ ಬಿಡಿಸಿದವಳು ನಾನು. ನನ್ನ ತಮ್ಮ 'ಕುಡಿದಿಲ್ಲ ಅಕ್ಕ' ಅಂತ ಕಾಲು ಹಿಡಿದ. ನಾನು ಅವನನ್ನ ನಂಬಲಿಲ್ಲ ಕಣೇ. ಯಂತ್ರವನ್ನ ನಂಬಿದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಚಿಕೆ ನಿನಗೊಬ್ಬಳಿಗೇ ಅಂದ್ಕೋಬೇಡ. ನೀನಾದ್ರೂ ಮನೆ ಬಾಗಿಲಿಗೆ ಬಂದು ಹೇಳಿದೆ. ನಾನು ಇವನ ಹತ್ರ ತಪ್ಪಾಯ್ತು ಅನ್ನೋಕೆ ಎಷ್ಟು ದಿನ ಒದ್ದಾಡಿದೆ ಗೊತ್ತಾ?"

ಅವಳು ಅಕ್ಕನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು.

"ಫೋನ್ ಮಾಡೋಕೆ ನಿನಗೆ ಯಾರೂ ಇಲ್ವಂತೆ?" ಅಕ್ಕ ಮೂಗೊರೆಸಿಕೊಂಡು ಕೇಳಿದಳು. "ಪಕ್ಕದ ಮನೆಯಾಕೆ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದಾಳೆ. ಇನ್ಮೇಲೆ ನನಗೆ ಮಾಡು. ಯಾವಾಗ ಬೇಕಾದ್ರೂ. ಬೈದುಕೊಂಡೇ ಎತ್ತುತ್ತೀನಿ."

ಅಷ್ಟು ಹೇಳಿ, "ಗಂಟಲು ಒಣಗಿತು, ನೀರು ಕುಡಿದು ಬರ್ತೀನಿ" ಎಂದು ಎದ್ದು ಹೋದಳು. ನೀರಿನ ನಲ್ಲಿ ಎದುರಿಗೇ ಇತ್ತು. ಅಕ್ಕ ಮಾತ್ರ ಗೇಟಿನ ಕಡೆ ನಡೆದಳು.

ಈಗ ಆ ಬೆಂಚಿನ ಬಳಿ ಉಳಿದವರು ಇಬ್ಬರೇ.

"ನನಗೆ ಸಿಟ್ಟು ಇನ್ನೂ ಹೋಗಿಲ್ಲ" ಎಂದ ಅವನು, ನೆಲ ನೋಡುತ್ತಾ.

"ಹೋಗ್ಬಾರ್ದು."

"ಸಿಟ್ಟಿದ್ರೆ ಮರೆತುಬಿಡ್ತೀನಿ ಅಂದ್ಕೊಂಡೆ. ಆಗ್ತಿಲ್ಲ. ಆ ಕಿಟಕಿಯಲ್ಲಿ ಈಗ ಯಾರೋ ಕೂರ್ತಾರೆ. ನಾನು ಸಾಲಿನಲ್ಲಿ ಎಲ್ಲಿ ನಿಂತ್ರೂ ಒಂದೇ ಅನ್ನಿಸ್ತಿದೆ."

ಅವಳು ಬೆಂಚಿನ ಹತ್ತಿರಕ್ಕೆ ಒಂದು ಹೆಜ್ಜೆ ಸರಿದಳು.

"ಆವತ್ತು ಮೊದಲು ಬಂದಿದ್ದು ಯಾಕೆ ಅಂತ ಕೇಳೋದಿಲ್ವಾ?"

"ಕೇಳೋ ಯೋಗ್ಯತೆ ನನಗಿಲ್ಲ."

"ಹಾಗಾದ್ರೆ ಕೇಳದೇ ಇದ್ರೂ ಹೇಳ್ತೀನಿ. ಮದುವೆ ಆಗೋಣ ಅಂತ ಕೇಳೋಕೆ ಬಂದಿದ್ದೆ."

ಅವಳು ಬೆಂಚಿನ ತುದಿಗೆ ಕುಸಿದಳು. 'ದೇವರೇ... ಆ ಮಾತು ಹೊತ್ತು ಬಂದವನಿಗೆ ನಾನು ಏನು ಮಾಡಿದೆ!'

"ನನ್ನಂಥವಳನ್ನ ಕಟ್ಕೊಂಡು ನೀವು ಮತ್ತೆ ಜಾರಿದ್ರೆ?"

"ಅದೇ ಹೆದರಿಕೆ ನನಗೂ ಇದೆ. ಅದಕ್ಕೇ ಅವಸರ ಬೇಡ. ನೀನು ಮೊದಲು ಗಟ್ಟಿಯಾಗು, ನನ್ನ ಸಿಟ್ಟೂ ಇಳೀಲಿ." ಮೊದಲ ಬಾರಿಗೆ ಅವನ ಬಾಯಿಂದ 'ನೀನು' ಎಂದು ಬಂದಿತ್ತು. ಅವಳಿಗೆ ಅದು ಕೇಳಿಸಿತು, ಮೈ ಜುಮ್ಮೆಂದಿತು. "ನಾನು ನಿನ್ನ ಔಷಧಿ ಆಗಲ್ಲ. ಬೈದು ಕಾಯೋಕೆ ಅಕ್ಕ ಇದ್ದಾಳೆ, ಮಾತ್ರೆ ಕೊಡೋಕೆ ಡಾಕ್ಟರಮ್ಮ ಇದ್ದಾರೆ. ನಾನು ಗಂಡ ಆಗ್ತೀನಿ, ಅಷ್ಟೇ. ಒಪ್ಪಿಗೆನಾ?"

ಅವಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

"ಯಾಕೆ, ಬೇಡ್ವಾ?"

"ಬೇಕು. ತುಂಬಾ ಬೇಕು... ಆದ್ರೆ ನಿಮ್ಮ ಮುಖ ನೋಡೋಕೆ ನನಗೆ ಇನ್ನೂ ನಾಚಿಕೆಯಾಗುತ್ತೆ ರೀ."

ಅವನು ಬೆಂಚಿನ ಮೇಲೆ ಸರಿದು ಅವಳ ಪಕ್ಕಕ್ಕೆ ಬಂದು ಕೂತ.

"ಆಗ್ಲಿ ಬಿಡು. ಒಬ್ಬಳೇ ಕೂತು ನಾಚ್ಕೋಬೇಡ, ಅಷ್ಟು ಸಾಕು ನನಗೆ."