ಬೂದಿಯಲ್ಲಿ ಸಿಗದ ಹುಕ್ಕುಗಳು

ಶುಕ್ರವಾರ ಮುಸ್ಸಂಜೆ ಆರೂಮುಕ್ಕಾಲು. ಅಜ್ಜಂಪುರದ ಹೊರವಲಯದಲ್ಲಿ ಟೀ ಅಂಗಡಿ ನಡೆಸುವ ಜಯಲಕ್ಷ್ಮಮ್ಮ ಹಾಲಿನ ಪಾತ್ರೆ ಇಳಿಸಿ ತಲೆ ಎತ್ತಿದರು. ಎದುರಿನ ಗಾರ್ಮೆಂಟ್ಸ್ ಶೆಡ್ಡಿನ ತುದಿಯ ಕಿಟಕಿ ಕೆಂಪಗೆ ಬೆಳಗುತ್ತಿತ್ತು. ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಗೆ ಕಂಡಿತು. ಕೂಗಿ ಜನ ಸೇರಿಸಿದರು.

ಬೆಂಕಿ ಆರಿಸುವ ಗಾಡಿ ಬಂದಾಗ ಗೋದಾಮಿನ ಶೀಟು ಕುಸಿದಾಗಿತ್ತು. ಲೆಕ್ಕದ ಪ್ರಕಾರ ಒಳಗಿದ್ದವು ನಾಲ್ಕು ಸಾವಿರ ಶಾಲಾ ಪ್ಯಾಂಟುಗಳು. ಶಾಲೆ ಶುರುವಾಗುವ ಮೊದಲು ತಲುಪಬೇಕಾದವು.

ಅವತ್ತು ರಾತ್ರಿಯೇ ಸೂಪರ್‌ವೈಸರ್ ರುದ್ರಮೂರ್ತಿ ಪೊಲೀಸರಿಗೆ ಹೇಳಿಕೆ ಬರೆದುಕೊಟ್ಟ. ಆರೂಮುಕ್ಕಾಲಿಗೆ ಹಿಂದಿನ ಬಾಗಿಲಿಂದ ಬಂದೆ. ಹೊಗೆ ಕಂಡಿತು. ಇಸ್ತ್ರಿ ಟೇಬಲ್ಲಿನ ಮೇಲೆ ಐರನ್ನಿನ ಕೆಂಪು ದೀಪ ಉರಿಯುತ್ತಿತ್ತು. ಪ್ಲಗ್ ಕಿತ್ತೆ, ಆದರೆ ಬೆಂಕಿ ಆಗಲೇ ಅಡ್ಡಗೋಡೆಯ ಪ್ಲೈವುಡ್ ದಾಟಿ ಗೋದಾಮಿಗೆ ಹೋಗಿತ್ತು. ಇಸ್ತ್ರಿ ಕೆಲಸ ಹೇಮಶ್ರೀಯದು. ಅವಳೇ ಮರೆತು ಹೋಗಿದ್ದಾಳೆ.

ಬೆಳಗಾಗುವಷ್ಟರಲ್ಲಿ ಇಡೀ ಊರಿಗೆ ಅಪರಾಧಿ ಯಾರೆಂದು ಗೊತ್ತಾಗಿತ್ತು. ಶನಿವಾರ, ಬೆಂಕಿ ತಾಗದೆ ಉಳಿದ ಹೊಲಿಗೆ ಹಾಲಿನಲ್ಲಿ, ಮಾಲೀಕ ಎಲ್ಲರ ಮುಂದೆ ಹೇಮಶ್ರೀಗೆ ಕೆಲಸ ಬಿಟ್ಟು ಹೋಗು ಎಂದ.

*

ತನುಜಾ ಇನ್ಶೂರೆನ್ಸ್ ಸರ್ವೇಯರ್. ಊರು ಕಡೂರು. ಎಲ್ಲಿ ಏನು ಸುಟ್ಟರೂ, ಮುಳುಗಿದರೂ ಹೋಗಿ ನೋಡಿ, ನಷ್ಟ ನಿಜವೇ, ಎಷ್ಟು ಎಂದು ವರದಿ ಬರೆಯುವುದು ಅವಳ ಕೆಲಸ. ಹದಿನೇಳು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಹದಿನೇಳು ವರ್ಷದಿಂದ ಎಲ್ಲರೂ ಅವಳಿಗೆ ಏನು ಬರೆಯಬೇಕೆಂದು ಹೇಳಿಕೊಡುತ್ತಲೇ ಇದ್ದರು.

ಸೋಮವಾರ ಬಸ್ಸಿನಲ್ಲಿ ನಿಂತೇ ಬಂದು ಇಳಿದಳು. ಇನ್ನೂ ಗೇಟು ದಾಟಿರಲಿಲ್ಲ, ವಿಮಾ ಕಂಪನಿಯ ಶಾಖೆಯ ಮ್ಯಾನೇಜರ್ ಫೋನು.

"ಮೇಡಂ, ಐರನ್ ಮರ್ತಿದ್ದು ಅಂತ ಪೊಲೀಸ್ ಹೇಳಿಕೆನೇ ಇದೆಯಲ್ಲ. ಅಜಾಗರೂಕತೆಯಿಂದ ಬೆಂಕಿ ಬಿದ್ರೂ ಪಾಲಿಸಿ ಕೊಡುತ್ತೆ. ಬರೆದು ಮುಗಿಸಿಬಿಡಿ."

"ನಾನಿನ್ನೂ ಒಳಗೇ ಹೋಗಿಲ್ಲ ಸಾರ್."

"ಅದಕ್ಕೇ ಹೇಳಿದ್ದು. ಬೇಗ ಹೋಗಿ, ಬೇಗ ಬನ್ನಿ."

ಅವಳು ಫೋನು ಚೀಲಕ್ಕೆ ತುರುಕಿದಳು.

ಮಾಲೀಕ ಓಂಕಾರೇಶ್ ಆಫೀಸಿನಲ್ಲಿ ಕಾಯುತ್ತಿದ್ದ. ಮೂರು ದಿನದಿಂದ ನಿದ್ದೆ ಮಾಡಿದ ಮುಖವಲ್ಲ. ಪಕ್ಕದಲ್ಲಿ ರುದ್ರಮೂರ್ತಿ. ಅವನು ಓಂಕಾರೇಶನ ಹೆಂಡತಿಯ ತಮ್ಮ.

"ಹೋದ ತಿಂಗಳು ತಾನೇ ಸ್ಟಾಕಿನ ವಿಮೆ ಹೆಚ್ಚಿಸಿದ್ದೀರಿ," ಎಂದಳು ತನುಜಾ. "ಯಾಕೆ?"

ಓಂಕಾರೇಶನ ದನಿ ಏರಿತು. "ಶಾಲೆ ಆರ್ಡರ್ ಬಂತು, ಸ್ಟಾಕು ಜಾಸ್ತಿ ಆಯ್ತು, ಹೆಚ್ಚಿಸ್ದೆ. ಮಾಡಿಸ್ದೇ ಇದ್ದಿದ್ರೆ ಯಾಕೆ ಮಾಡಿಸಿಲ್ಲ ಅಂತ ಕೇಳ್ತಿದ್ರಿ. ಈಗ ಯಾಕೆ ಮಾಡಿಸ್ದೆ ಅಂತೀರಿ. ನಾನೇ ಹಚ್ಚಿದೆ ಅಂತ ನೇರವಾಗೇ ಹೇಳ್ಬಿಡಿ."

"ಭಾವ, ಸುಮ್ನಿರಿ," ಎಂದ ರುದ್ರಮೂರ್ತಿ. "ಮೇಡಂ, ಆ ಹುಡ್ಗಿ ತಪ್ಪು ಮಾಡವ್ಳೆ. ಪಾಪ, ಬೇಕಂತ ಮಾಡಿಲ್ಲ. ಬೇಗ ಬರೆದ್ಕೊಟ್ರೆ ನಾವೂ ಬದ್ಕೊತೀವಿ."

ತನುಜಾ ಚೀಲ ಹೆಗಲಿಗೇರಿಸಿದಳು. ಇಷ್ಟು ಜನ ಇಷ್ಟು ಆತುರಪಟ್ಟಾಗ ಅವಳ ಕೈ ತಾನಾಗಿಯೇ ನಿಧಾನವಾಗುತ್ತಿತ್ತು.

ಹೊರಗೆ ಬಂದರೆ ಗೇಟಿನ ಹತ್ತಿರ ಹೇಮಶ್ರೀ ನಿಂತಿದ್ದಳು. ಇಪ್ಪತ್ತಾರು ವರ್ಷವಿರಬಹುದು. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು.

"ಪ್ಲಗ್ ಕಿತ್ತಿದ್ದು ನಾನು ಮೇಡಂ. ಐದು ಗಂಟೆಗೆ ಹೊರಡೋ ಮೊದ್ಲು. ರುದ್ರಮೂರ್ತಿ ಸಾರ್ ತಾವು ಕಿತ್ತಿದ್ದು ಅಂತಾರೆ. ನಾನು ಹೇಳಿದ್ದನ್ನ ಯಾರೂ ಬರ್ಕೊಳ್ಳೋದೇ ಇಲ್ಲ."

"ಐದಕ್ಕಾ? ದಿನಾ ಆರು ಗಂಟೆವರೆಗೆ ಕೆಲಸ ಅಲ್ವಾ?"

"ಅವತ್ತು ಎಲ್ಲಾರೂ ಬೇಗ ಹೊರಟ್ವಿ. ಅದನ್ನೂ ಯಾರೂ ಕೇಳ್ಲಿಲ್ಲ."

ಅಷ್ಟರಲ್ಲಿ ರುದ್ರಮೂರ್ತಿ ಬಾಗಿಲಿಗೆ ಬಂದ. ಹೇಮಶ್ರೀ ತುಟಿ ಬಿಗಿದು ರಸ್ತೆಗೆ ಇಳಿದುಹೋದಳು.

*

ಗೋದಾಮಿನ ಬೂದಿ ಮೊಣಕಾಲಿನ ತನಕ ಇತ್ತು. ತನುಜಾ ಒಂದು ಹಿಡಿ ತೆಗೆದುಕೊಂಡಳು. ಹಗುರ, ಬೂದುಬಣ್ಣ, ಊದಿದರೆ ಹಾರಿಹೋಯಿತು.

ಅವಳಿಗೆ ಅದು ಹಿಡಿಸಲಿಲ್ಲ.

"ಪ್ಯಾಂಟಿನ ಬಟ್ಟೆ ಯಾವುದು?"

"ಪಾಲಿಯೆಸ್ಟರೇ ಜಾಸ್ತಿ," ಎಂದ ಓಂಕಾರೇಶ್. "ಶಾಲೆ ಮಕ್ಳಿಗೆ ಅದೇ ಬಾಳಿಕೆ."

"ಒಂದು ಪ್ಯಾಂಟಿಗೆ ಎಷ್ಟು ಹುಕ್ಕು?"

"ಎರಡು. ಸ್ಟೀಲಿಂದು. ಬಿಲ್ ಬೇಕಾ? ಬನ್ನಿ, ತೋರಿಸ್ತೀನಿ. ನಾಕು ಸಾವ್ರ ಪ್ಯಾಂಟು, ಎಂಟು ಸಾವ್ರ ಹುಕ್ಕು. ಏನೇನು ಬೇಕೋ ಎಲ್ಲಾ ಕೇಳ್ಬಿಡಿ ಇವತ್ತೇ."

"ನಂಗೆ ಒಂದು ಜರಡಿ ಬೇಕು."

"ಜರಡಿನಾ?"

"ಮರಳು ಸೋಸೋದು."

ಅವನು ಗೊಣಗುತ್ತ ತಾನೇ ಹೋಗಿ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಕೇಳಿ ತಂದ. ತನುಜಾ ಸೀರೆ ಎತ್ತಿ ಕಟ್ಟಿ, ಮೂಗಿಗೆ ಕರ್ಚೀಫು ಬಿಗಿದು ಕೂತಳು. ನಾಲ್ಕು ಮೂಲೆ, ನಡುಮಧ್ಯ, ಒಟ್ಟು ಹತ್ತು ಬುಟ್ಟಿ ಬೂದಿ ಜರಡಿ ಹಿಡಿದಳು. ನಡುವೆ ಮ್ಯಾನೇಜರ್ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಕಣ್ಣು ಉರಿಯಿತು, ಸೊಂಟ ಹಿಡಿಯಿತು. ಈ ಕೆಲಸ ಬಿಟ್ಟು ಅಕ್ಕನ ಜೊತೆ ಬಟ್ಟೆ ಅಂಗಡಿಯಲ್ಲಿ ಕೂರಬಹುದಿತ್ತು ಎಂದು ಕೊನೆಯ ಪಕ್ಷ ಆರು ಸಲ ಅನ್ನಿಸಿತು.

ಸಿಕ್ಕಿದ್ದು ಹನ್ನೊಂದು ಮೊಳೆ, ಒಂದು ಬೀಗ. ಹುಕ್ಕು ಒಂದೂ ಇಲ್ಲ.

ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಓಂಕಾರೇಶ್ ಬರಿಗೈಯಲ್ಲೇ ಬೂದಿ ಕೆದಕಿದ. "ನನ್ನ ಮಾಲು ಎಲ್ಲಿ?" ಎಂದ. ಕೇಳಿದ್ದು ಅವಳನ್ನಲ್ಲ, ಬೂದಿಯನ್ನು.

ತನುಜಾ ಅವನನ್ನು ದಿಟ್ಟಿಸಿದಳು. ಹುಕ್ಕಿನ ಲೆಕ್ಕ ತಾನಾಗಿ ಹೇಳಿದವನು, ಜರಡಿ ತಾನೇ ತಂದವನು. ತಾನೇ ಸುಟ್ಟಿದ್ದರೆ ಹೀಗೆ ಮಾಡುತ್ತಿರಲಿಲ್ಲ.

"ಇದನ್ನ ಸದ್ಯಕ್ಕೆ ಯಾರಿಗೂ ಹೇಳಬೇಡಿ," ಎಂದಳು. "ಮನೆಯವರಿಗೂ."

*

ಜಯಲಕ್ಷ್ಮಮ್ಮ ಟೀ ಕೊಡುವ ಮೊದಲು ಮುಖ ತೊಳೆಯಲು ನೀರು ಕೊಟ್ಟರು.

"ನೀವು ಬೆಂಕಿ ನೋಡಿದಾಗ ಅಲ್ಲಿ ಯಾರಾದರೂ ಇದ್ರಾ?"

"ಯಾರೂ ಕಾಣ್ಲಿಲ್ಲ ಕಣಮ್ಮ. ಕರೆಂಟಿರ್ಲಿಲ್ಲ, ಮೋಡ ಬೇರೆ. ಅದಕ್ಕೇ ಬೆಂಕಿ ಅಷ್ಟು ಎದ್ದು ಕಾಣ್ತು."

ತನುಜಾಳ ಕೈಯಲ್ಲಿದ್ದ ಲೋಟ ನಿಂತಿತು. "ಕರೆಂಟಿರಲಿಲ್ವಾ?"

"ನಾಕೂ ಕಾಲ್ಗೋ ಏನೋ ಹೋಯ್ತು. ಹೊಲಿಯೋ ಹೆಣ್ಮಕ್ಳು ಕಾದು ಕಾದು ಐದಕ್ಕೆ ಮನೆಗೆ ಹೊರಟ್ರು. ಬಂದಿದ್ದು ಏಳೂವರೆಗೆ."

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಕರೆಂಟ್ ಹೋಗೋದನ್ನೂ ಪೊಲೀಸ್ರಿಗೆ ಹೇಳ್ಬೇಕಾ?"

ತನುಜಾ ಹಣೆ ಒತ್ತಿಕೊಂಡಳು. ಮೂರು ದಿನದಿಂದ ಇಡೀ ಊರು ಈ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಮಶ್ರೀಯನ್ನು ಬೈಯುತ್ತಿತ್ತು.

"ಗಾರ್ಮೆಂಟ್ಸಿನ ಮಾಲು ಯಾರ ಗಾಡಿಯಲ್ಲಿ ಹೋಗುತ್ತೆ?"

"ಲಗೇಜ್ ಆಟೊ ರಘುಂದು. ಯಾಕೆ?"

ತನುಜಾ ಟೀ ಅರ್ಧಕ್ಕೇ ಬಿಟ್ಟು ಎದ್ದಳು. ಮೊದಲು ಕರೆಂಟ್ ಆಫೀಸು. ಆಮೇಲೆ ರಘುವಿನ ಮನೆ. ಕೊನೆಗೆ ಪೊಲೀಸ್ ಠಾಣೆ.

*

ಮಂಗಳವಾರ ಹನ್ನೊಂದಕ್ಕೆ ಆಫೀಸಿನಲ್ಲಿ ಐದು ಜನ ಕೂತಿದ್ದರು. ಓಂಕಾರೇಶ್, ರುದ್ರಮೂರ್ತಿ, ಹೇಮಶ್ರೀ, ತನುಜಾ, ಮತ್ತು ಎಸ್‌ಐ ಸಿದ್ದೇಶ್.

"ರುದ್ರಮೂರ್ತಿಯವರೇ, ಐರನ್ನಿನ ಕೆಂಪು ದೀಪ ನೋಡಿದ್ದು ಎಷ್ಟು ಗಂಟೆಗೆ?"

"ಆರೂಮುಕ್ಕಾಲು. ಬರ್ಕೊಟ್ಟಿದ್ದೀನಲ್ಲ."

"ಉರೀತಿತ್ತಾ?"

"ಕಣ್ಣಾರೆ ನೋಡ್ದೆ."

ಅವಳು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು. "ಶುಕ್ರವಾರ ಲೈನಿನ ಮೇಲೆ ಕೊಂಬೆ ಬಿದ್ದಿತ್ತು. ನಾಲ್ಕೂ ಇಪ್ಪತ್ತರಿಂದ ಏಳೂವರೆ ತನಕ ಈ ರಸ್ತೆಗೆ ಕರೆಂಟೇ ಇಲ್ಲ."

ರುದ್ರಮೂರ್ತಿ ತಡವರಿಸಲಿಲ್ಲ. "ಜನರೇಟರ್ ಓಡ್ತಿತ್ತು."

ಓಂಕಾರೇಶ್ ನಿಧಾನವಾಗಿ ತಿರುಗಿದ. "ಜನರೇಟರ್ ರಿಪೇರಿಗೆ ತರೀಕೆರೆಗೆ ಹೋಗಿ ಹದಿನೈದು ದಿನ ಆಯ್ತಲ್ಲೋ ರುದ್ರ. ನೀನೇ ಅಲ್ವಾ ಕಳ್ಸಿದ್ದು?"

ಸಿದ್ದೇಶ್ ಆ ಹಾಳೆ ಎತ್ತಿ ಓದತೊಡಗಿದ.

"ಕರೆಂಟಿಲ್ಲದ ಮೇಲೆ ಐರನ್ ಕಾಯಲಿಲ್ಲ. ಶಾರ್ಟ್ ಸರ್ಕ್ಯೂಟೂ ಆಗಲಿಲ್ಲ," ಎಂದಳು ತನುಜಾ. "ಅಂದರೆ ಬೆಂಕಿ ಯಾರೋ ಇಟ್ಟದ್ದು. ಆರೂಮುಕ್ಕಾಲಿಗೆ ಇಲ್ಲಿದ್ದವರು ಯಾರೇ ಆಗಲಿ ಕತ್ತಲೆ ಅಂತಿದ್ದರು. ನೀವು ದೀಪ ಅಂದಿರಿ. ನೀವು ಬಂದಿದ್ದು ಕರೆಂಟ್ ಬಂದ ಮೇಲೆ. ಅದು ಹೋಗಿತ್ತು ಅನ್ನೋದೇ ನಿಮಗೆ ಗೊತ್ತಿರಲಿಲ್ಲ, ಯಾಕಂದರೆ ಅದು ಹೋಗುವ ಮೊದಲೇ ನೀವು ಊರು ಬಿಟ್ಟಿದ್ದಿರಿ."

"ಅದು... ಗಾಬ್ರಿಲಿ ಏನೋ ಬರ್ದೆ."

"ಇನ್ನೊಂದು. ಪಾಲಿಯೆಸ್ಟರ್ ಉರಿದರೆ ಕರಗಿ ಕಲ್ಲಿನಂಥ ಕರಿ ಉಂಡೆಯಾಗುತ್ತೆ. ಗೋದಾಮಿನಲ್ಲಿ ಇರೋದು ಬರೀ ಹತ್ತಿ ಬೂದಿ. ಎಂಟು ಸಾವಿರ ಸ್ಟೀಲ್ ಹುಕ್ಕಿನಲ್ಲಿ ಒಂದೂ ಇಲ್ಲ. ಸುಟ್ಟಿದ್ದು ಪ್ಯಾಂಟಲ್ಲ."

ಸಿದ್ದೇಶ್ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ರಘು ಎಲ್ಲಾ ಹೇಳವ್ನೆ. ಮೂರು ದಿನ ಮೂಟೆಗಳನ್ನ ಚೌಳಹಿರಿಯೂರಿಗೆ ಸಾಗ್ಸಿದ್ದೀರಿ, ಕೊಬ್ಬರಿ ಗೋದಾಮಿಗೆ. ವಾಪಸ್ ಬರ್ತಾ ಬನಿಯನ್ ಬಟ್ಟೆ ಚಿಂದಿ ತುಂಬ್ಕೊಂಡು ಬಂದಿದ್ದೀರಿ. ಶಾಲೆಗೆ ಹೋಗೋ ಮಾಲು ಅಂದ್ಕೊಂಡಿದ್ನಂತೆ ಪಾಪ. ಶುಕ್ರವಾರ ಕಡೇ ಟ್ರಿಪ್ ನಾಕು ಗಂಟೆಗೆ. ನೀವೂ ಜೊತೇಲಿ ಕೂತಿದ್ರಿ. ನಮ್ಮವ್ರು ಬೆಳಗ್ಗೆ ಆ ಗೋದಾಮು ತೆಗೆಸಿದ್ರು. ಪ್ಯಾಂಟು ಅಲ್ಲೇ ಅವೆ. ಬೆಂಕಿ ಹೆಂಗೆ ಹಚ್ಚಿದ್ರಿ, ಅದೊಂದು ಹೇಳ್ಬಿಡಿ."

ರುದ್ರಮೂರ್ತಿ ತಲೆ ತಗ್ಗಿಸಿದ.

"ಸೊಳ್ಳೆ ಬತ್ತಿ," ಎಂದ. "ಚಿಂದಿ ಮಧ್ಯ, ಬೆಂಕಿಕಡ್ಡಿ ಕಟ್ಟಿನ ಜೊತೆ ಇಟ್ಟೆ. ನಿಧಾನಕ್ಕೆ ಹತ್ಕೊಳ್ಳಲಿ ಅಂತ." ಆಮೇಲೆ ತಲೆ ಎತ್ತಿದ. "ಹತ್ತು ವರ್ಷ ದುಡ್ದಿದ್ದೀನಿ ಇಲ್ಲಿ. ನನ್ನ ಹೆಸ್ರಲ್ಲಿ ಒಂದು ಮಿಷನ್ ಇಲ್ಲ. ನಂದೇ ಒಂದು ಯೂನಿಟ್ ಮಾಡ್ಕೊಳನ ಅಂತಿದ್ದೆ. ಭಾವಂಗೆ ಇನ್ಶೂರೆನ್ಸ್ ಬರ್ತಿತ್ತು. ಯಾರಿಗೆ ನಷ್ಟ ಆಗ್ತಿತ್ತು, ನೀವೇ ಹೇಳಿ."

ಎರಡು ದಿನದಿಂದ ಹಿಡಿದಿಟ್ಟುಕೊಂಡಿದ್ದ ತಾಳ್ಮೆ ತನುಜಾಳ ಕೈ ಬಿಟ್ಟಿತು.

"ಇವಳು ಮನುಷ್ಯಳಲ್ವಾ?" ಎಂದಳು ಹೇಮಶ್ರೀಯ ಕಡೆ ಕೈ ತೋರಿಸಿ. "ಗೋದಾಮು ಸುಟ್ಟವಳು ಅಂತ ಹೆಸರು ಬಂದರೆ ಕಡೂರಿನಿಂದ ತರೀಕೆರೆ ತನಕ ಯಾವ ಗಾರ್ಮೆಂಟ್ಸಿನವರು ಇವಳನ್ನ ಒಳಗೆ ಸೇರಿಸ್ತಿದ್ರು? ಅದಕ್ಕೆ ಯಾವ ಪಾಲಿಸಿ ಇದೆ?"

ರುದ್ರಮೂರ್ತಿ ಹೇಮಶ್ರೀಯ ಕಡೆ ನೋಡಲೇ ಇಲ್ಲ. ಸಿದ್ದೇಶ್ ಅವನನ್ನು ಎಬ್ಬಿಸಿ ಕರೆದುಕೊಂಡು ಹೋದ.

*

ಮ್ಯಾನೇಜರ್‌ಗೆ ತನುಜಾ ತಾನೇ ಫೋನು ಮಾಡಿದಳು. ಮಾಲು ಸುಟ್ಟಿಲ್ಲ, ಆದ್ದರಿಂದ ಮಾಲಿನ ಕ್ಲೇಮು ಇಲ್ಲ. ಶೀಟು ಮತ್ತು ಗೋಡೆಯದ್ದು ಬೇರೆ ವರದಿ.

"ಅಯ್ಯೋ, ಫೈಲ್ ಇವತ್ತೇ ಮುಗಿಯುತ್ತೆ ಅಂತ ಮೇಲೆ ಹೇಳಿಬಿಟ್ಟಿದ್ದೆ ಮೇಡಂ," ಎಂದ ಅವನು.

ಅವಳು ಫೋನು ಇಟ್ಟಳು.

ಓಂಕಾರೇಶ್ ಇನ್ನೂ ಅದೇ ಕುರ್ಚಿಯಲ್ಲಿದ್ದ. ಮಾಲು ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ, ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳಬೇಕೋ, ಅವನಿಗೆ ತಿಳಿದಂತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಹೇಮಶ್ರೀಯನ್ನು ನೋಡಿದ.

"ನಾಳೆಯಿಂದ ಬಾರಮ್ಮ ಕೆಲ್ಸಕ್ಕೆ," ಎಂದ.

"ಬರಲ್ಲ ಸಾರ್."

"ಯಾಕೆ?"

"ಶನಿವಾರ ನನ್ನ ಹೋಗು ಅಂದಿದ್ದು ಎಲ್ಲರ ಮುಂದೆ. ಬಾ ಅನ್ನೋದು ರೂಮೊಳಗೆ ಅಂದ್ರೆ ಹೆಂಗೆ?"

ಓಂಕಾರೇಶ್ ತನುಜಾಳ ಮುಖ ನೋಡಿದ. ಅವಳು ಚೀಲದಲ್ಲಿ ಏನೋ ಹುಡುಕುತ್ತಿದ್ದವಳಂತೆ ತಲೆ ತಗ್ಗಿಸಿದಳು. ಇದೊಂದಕ್ಕೆ ಅವಳು ವರದಿ ಬರೆಯಬೇಕಿರಲಿಲ್ಲ.

ಅವನು ಎದ್ದ. ಹೊಲಿಗೆ ಹಾಲಿನ ಬಾಗಿಲು ತಳ್ಳಿ, "ಎಲ್ಲಾರೂ ಒಂದ್ನಿಮಿಷ ಕೇಳಿ," ಎಂದ. ಮೂವತ್ತೆಂಟು ಮಿಷನ್ನುಗಳು ಒಂದೊಂದಾಗಿ ನಿಂತವು.