ಕಂಕುಳಿನ ಅರ್ಧ ಇಂಚು

ಮಂಗಳವಾರ ಬೆಳಿಗ್ಗೆ 10.20ಕ್ಕೆ ದರ್ಜಿ ಹೆಂಗಸೊಬ್ಬಳು ಕಂಪ್ಯೂಟರಿನ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಠಾಣೆಗೆ ಬಂದಳು.

"ನಾನು ಇದರಲ್ಲಿ ಬಿಡಿಸಿದ ಕೋಟು ಬೇರೆ ಅಂಗಡಿಯ ಗಾಜಿನೊಳಗೆ ನಿಂತಿದೆ ಸಾರ್. ಈಗ ನಾನೇ ಕದ್ದೆ ಅಂತಿದ್ದಾರೆ."

"ಚಿತ್ರ ಯಾರಿಗೆ ತೋರಿಸಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಗಂಡನಿಗೂ ತೋರಿಸಿಲ್ಲ."

ಇಪ್ಪತ್ತು ವರ್ಷ ಕಾಪಾಡಿಕೊಂಡ ಹೆಸರು ಒಂದೇ ವಾರದಲ್ಲಿ ಮಣ್ಣುಪಾಲಾಗುತ್ತಿತ್ತು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪಂಚರ ಮುಂದೆ ಹಾರ್ಡ್ ಡಿಸ್ಕಿನ ನಕಲು ತೆಗೆಸಿ, ಪಂಚನಾಮೆ ಬರೆದು ಡಬ್ಬಿಗೆ ಸೀಲು ಹಾಕಿಸಿದರು. ಮೌಸ್ ಕೈಬಿಡದ ಕಾರಣ ಠಾಣೆಯಲ್ಲಿ 'ಇಲಿ' ಎನಿಸಿಕೊಂಡಿದ್ದ ಮಹಿಳಾ ಕಾನ್‌ಸ್ಟೇಬಲ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಕಲನ್ನು ಜಾಲಾಡಿದಳು.

ಎರಡು ಗಂಟೆಗೆ ತಲೆ ಎತ್ತಿದಳು. "ಟ್ರೋಜನ್ ಸಾರ್. ಅಳತೆ ಲೆಕ್ಕ ಹಾಕೋ ಉಚಿತ ಪ್ರೋಗ್ರಾಂ ಅಂತ ಮೂರನೇ ತಾರೀಖು ಮೇಲ್‌ನಲ್ಲಿ ಬಂದಿದೆ. ಒಳಗೆ ಕೂತು ಫೈಲೆಲ್ಲ ಹೊರಗೆ ಸಾಗಿಸಿದೆ."

"ಆಂಟಿವೈರಸ್ ನಿದ್ದೆ ಮಾಡ್ತಿತ್ತಾ?"

"ಬೊಬ್ಬೆ ಹೊಡೆದಿದೆ. ಇವರೇ ಬಾಯಿ ಮುಚ್ಚಿಸಿದ್ದಾರೆ."

ದರ್ಜಿ ತಲೆ ತಗ್ಗಿಸಿದಳು. "ಅದನ್ನ ಆಫ್ ಮಾಡಿದ್ರೇನೇ ಪ್ರೋಗ್ರಾಂ ನಡೆಯುತ್ತೆ ಅಂತ ಬರೆದಿತ್ತು."

"ಬಾಗಿಲಿಗೆ ಬಂದೋನು ಮೊದಲು ನಾಯಿ ಕಟ್ಟಿ ಅಂದ್ರೆ, ಅವನನ್ನೇ ಹೊರಗೆ ಕಳಿಸಬೇಕಮ್ಮ."

ಮೇಲ್ ವಿಳಾಸ ಸುಳ್ಳು. ಅಂಗಡಿಯವನು ಮುಖವೇ ನೋಡದ ಯಾರಿಂದಲೋ ಇಂಟರ್ನೆಟ್ಟಿನಲ್ಲಿ ನಕ್ಷೆ ಪಡೆದಿದ್ದ. ಇನ್ಸ್‌ಪೆಕ್ಟರ್ ಅವನ ಕೋಟನ್ನೂ ದರ್ಜಿ ಹೊಲಿದಿಟ್ಟಿದ್ದ ಕೋಟನ್ನೂ ತರಿಸಿ, ಇಲಿಗೆ ಒಂದೊಂದಾಗಿ ತೊಡಿಸಿ ಕೈ ಎತ್ತಿಸಿದರು. ದರ್ಜಿಯ ಕೋಟು ಕೈಯ ಜೊತೆ ಮೇಲಕ್ಕೆ ಎಳೆದುಕೊಂಡಿತು. ಇನ್ನೊಂದು ಜಗ್ಗಲಿಲ್ಲ. ಅಳತೆಪಟ್ಟಿ ಹಿಡಿದರೆ, ಅಂಗಡಿಯ ಕೋಟಿನ ಕಂಕುಳು ಅರ್ಧ ಇಂಚು ಮೇಲಿತ್ತು.

ಕದ್ದವನು ತಿದ್ದಿದ್ದ!

ದರ್ಜಿ ಆ ಕಂಕುಳಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಕಂಕುಳು ಏರಿಸೇ ಅಂತ ದಿನಾ ಬೈತಿದ್ದೋರು ಒಬ್ಬರೇ ಸಾರ್. ನಂಗೆ ಕತ್ತರಿ ಹಿಡಿಯೋದು ಕಲಿಸಿದ ಮೇಷ್ಟ್ರು."

ಅನುಮಾನ ನ್ಯಾಯಾಲಯಕ್ಕೆ ಸಾಲದು. ಫೈಲುಗಳು ತಲುಪಿದ ಸಂಪರ್ಕ ಯಾರದೆಂದು ಕೇಳಿ ಇಂಟರ್ನೆಟ್ ಕಂಪನಿಗೆ ಪತ್ರ ಹೋಯಿತು. ಗುರುವಾರ 11ಕ್ಕೆ ಉತ್ತರ ಬಂತು: ಫೈಲುಗಳು ಹೋಗಿದ್ದು ಮೇಷ್ಟ್ರ ಮನೆಗೇ. 11.40ಕ್ಕೆ ಬಾಗಿಲು ತಟ್ಟಿದಾಗ ಅವಳ ಚಿತ್ರ ಮುದುಕನ ಪರದೆಯ ಮೇಲೇ ಇತ್ತು.

"ಟ್ರೋಜನ್ ಎಲ್ಲಿಂದ ತಂದ್ರಿ?"

"ಇಂಟರ್ನೆಟ್ಟಲ್ಲಿ ಸಿಗುತ್ತೆ. ಜೀವಮಾನದಲ್ಲಿ ನಾನು ಮುಟ್ಟಿದ ಒಂದೇ ರೆಡಿಮೇಡು."

"ಯಾಕೆ?"

ಮೇಷ್ಟ್ರು ಎರಡೂ ಕೈ ಚಾಚಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು. "ನಾಲ್ಕು ವರ್ಷ ಆಯ್ತು ಕತ್ತರಿ ಬಿಟ್ಟು. ನನ್ನ ಕಣ್ಣಳತೆಯ ಕೋಟು ಇನ್ನೊಂದು ಸಲ ಗಾಜಿನೊಳಗೆ ನಿಲ್ಲಬೇಕು ಅನ್ನಿಸ್ತು. ನಂಗೆ ಹೊಸದು ಹೊಳೆಯಲಿಲ್ಲ. ಅವಳಿಗೆ ಹೊಳೀತು."

"ಅವಳ ಹೆಸರು ಕೆಟ್ಟಿದ್ದು?"

"ಅದನ್ನ ಯೋಚಿಸಲಿಲ್ಲ."

ಇನ್ಸ್‌ಪೆಕ್ಟರಿಗೆ ಅಯ್ಯೋ ಅನ್ನಿಸಿತು. ಆದರೂ ಬಂಧನದ ಕಾಗದ ಮುಂದಿಟ್ಟರು. ಮೇಷ್ಟ್ರ ರುಜು ಗೆರೆ ದಾಟಿ ಓಡಿತು.

ಸಂಜೆ ಅಂಗಡಿಯವನು ಎಲ್ಲರೆದುರು ದರ್ಜಿಯ ಕ್ಷಮೆ ಕೇಳಿದ. ಅವಳು ಹೇಳಿಕೆಗೆ ಸಹಿ ಹಾಕಿದಳು, ಆದರೆ ಏಳಲಿಲ್ಲ.

"ಸಾರ್, ಮೇಷ್ಟ್ರು ಏರಿಸಿದ ಆ ಅರ್ಧ ಇಂಚು... ನಾನು ಇಟ್ಕೋಬಹುದಾ?"

ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು.

"ಇದರಲ್ಲಿ ಅದಿಲ್ಲಮ್ಮ. ಇಟ್ಕೊಳ್ಳಿ."